ಮೂರು ಮನೆಗೆ ಒಂದು ಡಿಶ್ಶು

ಎಲ್ಲ ಸೇರಿ ನಾಲ್ಕು ಸಾವಿರದ ಒಂಬೈನೂರು ರೂಪಾಯಿ ಬಿತ್ತು. ಅಂಗಡಿಯವನು ಬಾಯಿ ತೆರೆದದ್ದು ಆರು ಸಾವಿರಕ್ಕೆ. ಒಂದು ಡಿಶ್ಶು, ಮೂರು ಬಾಕ್ಸು, ಒಂದು ಸುರುಳಿ ವೈರು, ಕಟ್ಟಿಕೊಡುವವನ ಕೂಲಿ, ಎಲ್ಲವೂ ಅದರಲ್ಲೇ. ತಿಂಗಳ ಬಾಡಿಗೆಯ ತಂಟೆಯಿಲ್ಲದೆ ಆಕಾಶದಿಂದ ಪುಕ್ಕಟೆ ಇಳಿಯುವ ಚಾನೆಲ್ಲುಗಳು. ತವರಿನಲ್ಲಿ ಅಣ್ಣನೂ ತಮ್ಮನೂ ಕೇಬಲ್ಲಿನವನಿಗೆ ತಿಂಗಳಿಗೆ ತಲಾ ಮುನ್ನೂರು ತೆರುತ್ತಿದ್ದರು. ವರ್ಷ ತುಂಬುವುದರೊಳಗೆ ಹಾಕಿದ ದುಡ್ಡು ಕೈಗೆ ವಾಪಸ್ ಬರುತ್ತದೆ ಎಂದು ಪಾಂಡವಪುರದ ನನ್ನ ಪಾತ್ರೆ ಅಂಗಡಿಯಲ್ಲಿ ಕೂತೇ ಲೆಕ್ಕ ಹಾಕಿದ್ದೆ. ಹಳೇ ಸೀರೆಗೆ ಸ್ಟೀಲ್ ಲೋಟ ಕೊಡುತ್ತಾ ಬೀದಿ ಸುತ್ತಿ ಅಂಗಡಿ ಕಟ್ಟಿದವಳು ನಾನು. ಇಂಥ ಲೆಕ್ಕ ನನಗೆ ಬೆರಳ ತುದಿಯಲ್ಲೇ ಆಗುತ್ತದೆ.

ಆದರೆ ಉಳಿತಾಯ ಒಂದೇ ಕಾರಣವಲ್ಲ. ನಡುವಿನ ಮನೆಯ ಅತ್ತಿಗೆಗೂ ಒಂದು ವೈರು ಹೋಗಲಿ ಎಂಬುದು ನನ್ನ ಮನಸ್ಸಿನಲ್ಲಿತ್ತು.

ನನ್ನ ತವರು ಶೀಳನೆರೆಯಿಂದ ಒಳಕ್ಕೆ ಹೋಗಬೇಕಾದ ಒಂದು ಹಳ್ಳಿ. ಅಪ್ಪ ಕಟ್ಟಿಸಿದ್ದ ಉದ್ದನೆಯ ಮನೆಯನ್ನು ಮೂವರು ಗಂಡುಮಕ್ಕಳು ಪಾಲು ಮಾಡಿಕೊಂಡರು. ಮೂಡಲ ತುದಿ ಅಣ್ಣನಿಗೆ, ಪಡುವಲ ತುದಿ ತಮ್ಮನಿಗೆ, ನಡುವಿನದು ನಡುವಿನವನಿಗೆ. ಮುಂದಿನ ಜಗಲಿ ಮಾತ್ರ ಮೂವರಿಗೂ ಸೇರಿದ್ದು. ಒಳಗೆ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ಬಾಗಿಲುಗಳನ್ನು ಕಿತ್ತು ಗೋಡೆ ಎಬ್ಬಿಸುವುದಕ್ಕೆ ಯಾರಿಗೂ ಮನಸ್ಸು ಬರಲಿಲ್ಲ. ಹಾಗಂತ ತೆರೆದಿಡಲೂ ಇಲ್ಲ. ಪ್ರತಿ ಬಾಗಿಲಿಗೂ ಈ ಕಡೆ ಒಂದು, ಆ ಕಡೆ ಒಂದು ಅಗುಳಿ ಹಾಕಿಸಿದರು. ಇಬ್ಬರೂ ಒಪ್ಪಿ ತೆಗೆದರೆ ಮಾತ್ರ ಬಾಗಿಲು ತೆರೆಯುತ್ತದೆ. ಪಾಲಾದ ಮೇಲೆ ಯಾರೂ ತೆಗೆದಿರಲಿಲ್ಲ.

ನಡುವಿನ ಅಣ್ಣ ತೀರಿಕೊಂಡು ಕೆಲವು ವರ್ಷವಾಗಿತ್ತು. ಮಗಳನ್ನು ಮೈಸೂರಿಗೆ ಕೊಟ್ಟಿದ್ದಾರೆ. ಅತ್ತಿಗೆ ಎರಡು ಹಸು ಕಟ್ಟಿಕೊಂಡು, ಹೊತ್ತಿಗೆ ಸರಿಯಾಗಿ ಡೈರಿಗೆ ಹಾಲು ಹಾಕಿಕೊಂಡು, ಯಾರ ಹಂಗೂ ಇಲ್ಲದೆ ಇದ್ದಳು. ತಮ್ಮನಿಗೆ ತೆಂಗಿನಕಾಯಿ ತುಂಬಿಡಲು ಜಾಗ ಸಾಲದು. ‘ಅತ್ತಿಗೆ ಮಗಳ ಮನೆಗೆ ಹೋದರೆ ಆ ಭಾಗ ನಮಗೆ ಅನುಕೂಲ’ ಎಂಬ ಮಾತು ಅವನ ಬಾಯಲ್ಲಿ ಮೊದಲು ಬಂತು, ಆಮೇಲೆ ಅಣ್ಣನ ಬಾಯಲ್ಲೂ ಬಂತು. ಇಬ್ಬರೂ ಕೆಟ್ಟವರಲ್ಲ. ಒಂಟಿ ಹೆಂಗಸು, ಹೊತ್ತಲ್ಲದ ಹೊತ್ತಲ್ಲಿ ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ ಎಂಬ ಚಿಂತೆಯೂ ಅದರಲ್ಲಿ ಸೇರಿತ್ತು. ಆದರೆ ಅತ್ತಿಗೆಗೆ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಅಳಿಯನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹಸು ಎಲ್ಲಿ ಕಟ್ಟುವುದು?

ಹೀಗಿರುವಾಗ ಎರಡು ಮನೆಗೆ ವೈರು ಎಳೆಸಿ ನಡುವಿನದನ್ನು ದಾಟಿಕೊಂಡು ಹೋದರೆ, ಅವಳು ಆಗಲೇ ಊರು ಬಿಟ್ಟ ಲೆಕ್ಕ. ಅದಕ್ಕೇ ಮೂರು ಬಾಕ್ಸ್ ಎಂದು ಹಟ ಹಿಡಿದೆ, ನಡುವಿನ ಅಣ್ಣ ಕೊಂಡಿದ್ದ ಹಳೇ ಟೀವಿ ಅವಳಲ್ಲೂ ಇತ್ತು.

ಖರೀದಿ ಕೆ.ಆರ್. ಪೇಟೆಯಲ್ಲಿ. ಅಂಗಡಿಯವನು ನನ್ನನ್ನು ಹಳ್ಳಿಯ ಹೆಂಗಸು ಎಂದುಕೊಂಡು ಶುರು ಮಾಡಿದ.

“ಅಕ್ಕಾ, ದೇವ್ರಾಣೆ, ಅಸಲಿಗೇ ಕೊಡ್ತಾ ಇವ್ನಿ.”

“ನಾನೂ ಅಂಗಡಿ ಮಡಗಿರೋಳೇ ಕಣಪ್ಪ. ಆ ಮಾತ ದಿನಕ್ಕೆ ಎಷ್ಟು ಸಲ ಏಳ್ಬೇಕಾಯ್ತದೆ ಅಂತ ನಂಗೊತ್ತು.”

ಅವನು ನಕ್ಕ. ನಕ್ಕ ವ್ಯಾಪಾರಿ ಅರ್ಧ ಇಳಿದಂತೆಯೇ. ಉಳಿದರ್ಧಕ್ಕೆ ಟೀ ತರಿಸುವಷ್ಟು ಹೊತ್ತು ಕೂತೆ. ಎಲ್ಲ ಮುಗಿದು ದುಡ್ಡು ಎಣಿಸುವಾಗ ಕೇಳಿದೆ.

“ಡಿಶ್ಶಿಂದ ಬರೋದು ಒಂದೇ ವೈರು. ಮೂರು ಟೀವಿಗೆ ಎಂಗೆ ಕವಲು ಮಾಡ್ತೀಯ?”

“ಅದ್ಕೆ ಸ್ಪ್ಲಿಟ್ಟರ್ ಬೇಕಾಯ್ತದೆ ಅಕ್ಕ. ಬೇರೆ ರೇಟು.”

“ಬೇರೆ ರೇಟಾ? ಅದು ಕೊಸರು. ಆಕ್ಬುಡು ಚೀಲಕ್ಕೆ.”

ಡಬ್ಬದಲ್ಲಿ ಕೈಯಾಡಿಸಿ, ಬೆಂಕಿಪೊಟ್ಟಣದಷ್ಟಿದ್ದ ಒಂದು ತಗಡಿನ ತುಂಡನ್ನು ಹಾಕಿದ. ಒಂದು ಕಡೆ ಒಂದು ಮೂತಿ, ಇನ್ನೊಂದು ಕಡೆ ಮೂರು.

ಮರುದಿನ ಕಟ್ಟುವವನು ಬಂದ. ಅಣ್ಣನ ಭಾಗಕ್ಕೆ ಹೆಂಚಿನ ಮಾಡು, ತಮ್ಮನದಕ್ಕೆ ತೆಂಗಿನಮರಗಳ ಅಡ್ಡ. ನಡುವಿನ ಅಣ್ಣ ಹಾಕಿಸಿದ್ದ ತಾರಸಿಯೊಂದೇ ಸರಿಯಾದ ಜಾಗ, ಡಿಶ್ಶು ಅಲ್ಲಿ ಕೂತಿತು. ವೈರು ಅತ್ತಿಗೆಯ ಮನೆಗೆ ಇಳಿದು, ಮೆಟ್ಟಿಲ ಕೆಳಗೆ ಆ ತಗಡಿನ ತುಂಡಿನಲ್ಲಿ ಕವಲೊಡೆದು ಮೂರು ಕಡೆ ಹೋಯಿತು.

“ಆಗ್ನೇಯಕ್ಕೆ ತಿರುಗಿಸ್ಬೇಕು ಇದ್ನ,” ಎಂದ ಕಟ್ಟುವವನು ಮೇಲಿನಿಂದ.

“ಆಗ್ನೇಯ ಅಂದ್ರೆ ಅಡುಗೆಮನೆ ಮೂಲೆ ಕಣ್ಲಾ, ಅಲ್ಲಿ ಟೀವಿಗೇನು ಕೆಲ್ಸ?” ಎಂದು ಅಣ್ಣ ಅಂಗಳದಿಂದ ಕೂಗಿದ.

“ಸೀರಿಯಲ್ಲಲ್ಲಿ ಅವರು ಜಗಳ ಆಡೋದೆಲ್ಲ ಅಡುಗೆಮನೇಲೇ ಅಲ್ವಾ, ಬುಡು,” ಎಂದಳು ನಡುವಿನ ಅತ್ತಿಗೆ. ಸೆರಗು ಬಾಯಿಗೆ ಒತ್ತಿಕೊಂಡು ಅಣ್ಣನ ಹೆಂಡತಿ ದೊಡ್ಡತ್ತಿಗೆಯೂ ನಕ್ಕಳು. ಅವರಿಬ್ಬರು ಒಂದೇ ಮಾತಿಗೆ ನಕ್ಕದ್ದನ್ನು ನಾನು ಕಂಡು ಬಹಳ ಕಾಲವಾಗಿತ್ತು.

ಕೆಳಗೆ ಅತ್ತಿಗೆಯ ಟೀವಿ ಮುಂದೆ ತಮ್ಮ ನಿಂತ. ಕಟ್ಟುವವನು ಡಿಶ್ಶನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದ.

“ಬಂತಾ?”

“ಸಿಗ್ನಲ್ ಪಟ್ಟಿ ಕೆಂಪಾಗೇ ಐತೆ!”

“ಈಗ?”

“ಬಂತು, ಬಂತು... ಒಂಟೋಯ್ತು ಕಣ್ಲಾ!”

“ಈಗ ನೋಡಣ್ಣ?”

“ಆ! ಅಲ್ಲೇ ಇರು! ಉಸಿರೂ ಬುಡ್ಬೇಡ!”

ಮೂರು ಮನೆಯಲ್ಲೂ ಚಿತ್ರ ಬಂತು. ನಾನು ಎದೆಯುಬ್ಬಿಸಿಕೊಂಡು ಬಸ್ಸು ಹತ್ತಿದೆ.

ಮೊದಲ ಕೆಲವು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ಗುಡುಗಿತು. ಅತ್ತಿಗೆ ಗೋಡೆಯ ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತಳು. ಅಲ್ಲಿಯವರೆಗೂ ಬಾಕ್ಸಿನ ದೀಪ ಹಗಲೂ ರಾತ್ರಿ ಉರಿಯುತ್ತಿದ್ದದ್ದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ನೋಡದ ಟೀವಿಗೆ ಮೀಟರ್ ಯಾಕೆ ಓಡಬೇಕು ಎಂದು ಅಂದಿನಿಂದ ಅದನ್ನೇ ಪರಿಪಾಠ ಮಾಡಿಕೊಂಡಳು. ಮಧ್ಯಾಹ್ನ ಹಸುವಿಗೆ ಹುಲ್ಲು ಹಾಕಿ ಬಂದು ಒಂದು ಗಳಿಗೆ ಹಳೇ ಸಿನಿಮಾ ನೋಡುವುದು, ಸಂಜೆ ಡೈರಿಗೆ ಹೊರಡುವಾಗ ಆರಿಸುವುದು. ಇದೆಲ್ಲ ನನಗೆ ಗೊತ್ತಾದದ್ದು ಕೊನೆಗೆ. ಮೊದಲು ಬಂದದ್ದು ಅಣ್ಣನ ಫೋನು.

“ನೋಡಮ್ಮಿ, ನೀನು ತಂದ್ಕೊಟ್ಟಿದ್ದೇನೋ ಒಳ್ಳೇದೇಯ. ಆದ್ರೆ ಅವಳು ನಮ್ಗೆ ನೋಡಕ್ಕೆ ಬುಡ್ತಿಲ್ಲ.”

“ಯಾರಣ್ಣ?”

“ಇನ್ಯಾರು, ನಡುವಿನ ಮನೆಯೋಳು. ಸಂಜೆ ಆಯ್ತು ಅಂದ್ರೆ ನಮ್ಮನೇಲೂ ಓಯ್ತದೆ, ಆ ಕಡೆ ತಮ್ಮನ ಮನೇಲೂ ಓಯ್ತದೆ. ಮೆಟ್ಲು ಅವಳ ಮನೆ ಒಳಗೇ ಐತಲ್ಲ, ತಾರಸಿ ಅತ್ತಿ ಡಿಶ್ಶು ತಿರುಗುಸ್ಬುಡ್ತಾಳೆ.”

“ಕಣ್ಣಲ್ಲಿ ಕಂಡ್ಯಾ?”

“ಕಾಣೋದೇನೈತೆ? ಅವಳು ಮಧ್ಯಾಹ್ನ ಟೀವಿ ನೋಡುವಾಗ ನಮ್ದೂ ಸರಿಯಾಗಿರ್ತದೆ. ಅವಳದು ಮುಗೀತಾ, ನಮ್ದೂ ಮುಗೀತು. ತನಗಿಲ್ಲದ್ದು ಬೇರೆಯೋರ್ಗೆ ಯಾಕೆ ಅನ್ನೋ ಬುದ್ಧಿ.”

ಆ ಹೊತ್ತಿಗೆ ದೊಡ್ಡತ್ತಿಗೆಗೆ ಮಂಡಿ ನೋವು ಜಾಸ್ತಿಯಾಗಿ ಹೊರಗೆ ಓಡಾಟವೇ ನಿಂತಿತ್ತು. ದಿನವಿಡೀ ಕಾಯುವುದು ಸಂಜೆಯ ಒಂದು ಧಾರಾವಾಹಿಗೆ. ಅದು ಶುರುವಾಗುವ ಹೊತ್ತಿಗೇ ‘ಸಿಗ್ನಲ್ ಇಲ್ಲ’ ಎಂದು ಬರುತ್ತಿತ್ತು. ಸಿಟ್ಟು ಬಾರದೆ ಇನ್ನೇನಾಗುತ್ತದೆ? ಅಣ್ಣ ಮುಂದುವರಿದು ಹೇಳಿದ್ದನ್ನು ಕೇಳಿ ನಾನು ಗಿರಾಕಿಯನ್ನೂ ಬಿಟ್ಟು ಎದ್ದು ನಿಂತೆ.

“ಅಳಿಯಂಗೆ ಫೋನ್ ಮಾಡಿವ್ನಿ. ಬರೋ ಭಾನುವಾರ ಬತ್ತಾನೆ. ಕರ್ಕೊಂಡೋಗ್ಲಿ. ಒಬ್ಳೇ ಇದ್ದೂ ಇದ್ದೂ ಇಂಗಾಡ್ತಾವ್ಳೆ.”

ಶನಿವಾರ ಮಧ್ಯಾಹ್ನವೇ ಅಂಗಡಿ ಬಾಗಿಲೆಳೆದು ಹೊರಟೆ. ನೇರವಾಗಿ ನಡುವಿನ ಮನೆಗೇ ಹೋದೆ. ಅತ್ತಿಗೆ ಹಾಲು ಕರೆದು ಕ್ಯಾನಿಗೆ ಸೋಸುತ್ತಿದ್ದಳು. ಒಳಗೆ ಸಿನಿಮಾ ಹಾಡು ಕೇಳುತ್ತಿತ್ತು.

“ಬಾ ಕಣಮ್ಮಿ. ನ್ಯಾಯ ಮಾಡಕ್ಕೆ ಬಂದ್ಯಾ?”

“ಏನತ್ತಿಗೆ ಇದು, ಡಿಶ್ಶು ತಿರುಗಿಸ್ತೀಯಂತೆ?”

“ಊಂ, ತಿರುಗಿಸ್ತೀನಿ. ಹಸು ಕರ್ದು, ಸಗಣಿ ಬಾಚಿ, ಹೊತ್ತು ಓಗದಿದ್ದಾಗ ಅದೇ ಕೆಲ್ಸ ನಂಗೆ.” ನಕ್ಕಳು. ನಗು ಅರ್ಧಕ್ಕೇ ನಿಂತಿತು. “ಇವೆಲ್ಲ ನೆಪ ಕಣಮ್ಮಿ. ಈ ಬಾಗ್ಲಿಗೆ ಬೀಗ ಆಕುಸ್ಬೇಕು, ಅಷ್ಟೇಯ. ಮಗಳು ಕರೀತಾವ್ಳೆ, ಇಲ್ಲ ಅನ್ನಲ್ಲ. ಆದ್ರೆ ನಾಕು ದಿನ ನೆಂಟಳಾಗಿ ಓಗೋದು ಬೇರೆ, ಗಂಟು ಕಟ್ಕೊಂಡು ಓಗೋದು ಬೇರೆ. ನಾಳೆ ಅಳಿಯ ಗಾಡಿ ತಂದು ನಿಲ್ಸುದ್ರೆ ಎಲ್ಲರ ಮುಂದೆ ಒಲ್ಲೆ ಅಂತ ಎಂಗೆ ಅನ್ನಲಿ?”

ಅವಳು ಕ್ಯಾನು ಎತ್ತಿಕೊಂಡು, ಒಳಗೆ ಹೋಗಿ, ಎಂದಿನ ಹಾಗೆ ಗೋಡೆಯ ಸ್ವಿಚ್ಚು ಆರಿಸಿದಳು.

ಮೂಡಲ ಗೋಡೆಯ ಆಚೆಯಿಂದ ದೊಡ್ಡತ್ತಿಗೆಯ ದನಿ: “ಓಯ್ತು! ಮಾಡುದ್ಲು ನೋಡಿ!”

ಪಡುವಲ ಗೋಡೆಯ ಆಚೆಯಿಂದ ತಮ್ಮ: “ಅಣ್ಣೋ, ನಿಮ್ದೂ ಓಯ್ತಾ?”

ಅವಳು ನನ್ನ ಕಣ್ಣ ಮುಂದೆಯೇ ನಿಂತಿದ್ದಳು. ತಾರಸಿಯ ಕಡೆ ತಲೆಯನ್ನೂ ಎತ್ತಿರಲಿಲ್ಲ.

“ಅತ್ತಿಗೆ, ಒಸಿ ಮತ್ತೆ ಆಕು ಅದ್ನ.”

ಹಾಕಿದಳು. ಬಾಕ್ಸಿನ ದೀಪ ಹತ್ತಿತು. ಸ್ವಲ್ಪ ಹೊತ್ತು ಬಿಟ್ಟು ಗೋಡೆಯಾಚೆ “ಬಂತು, ಬಂತು” ಎಂದರು. ಇನ್ನೊಮ್ಮೆ ಆರಿಸಿದೆವು, ಇನ್ನೊಮ್ಮೆ ಬೈಗುಳ ಬಂತು. ಅತ್ತಿಗೆ ಕ್ಯಾನನ್ನು ಕೆಳಗಿಟ್ಟಳು.

ಕಟ್ಟಿದವನಿಗೆ ಫೋನು ಹಚ್ಚಿದೆ. ಅವನು ಅದೇನು ದೊಡ್ಡ ವಿಷಯವೇ ಅಲ್ಲ ಎಂಬಂತೆ ಹೇಳಿದ. ಡಿಶ್ಶಿನ ಮುಂದೆ ಕೋಲಿನ ತುದಿಗೆ ಸಿಕ್ಕಿಸಿದ ಭಾಗವಿದೆಯಲ್ಲ, ಎಲ್‌ಎನ್‌ಬಿ, ಅದಕ್ಕೆ ಕರೆಂಟು ಬೇಕು. ಆ ಕರೆಂಟು ಬಾಕ್ಸಿನಿಂದ ಅದೇ ವೈರಿನಲ್ಲಿ ಮೇಲಕ್ಕೆ ಹೋಗುತ್ತದೆ. ನಾನು ತಂದಿದ್ದ ಸ್ಪ್ಲಿಟ್ಟರ್ ಮೂರು ಮೂತಿಯಲ್ಲಿ ಒಂದೇ ಮೂತಿಯಿಂದ ಕರೆಂಟು ಬಿಡುವಂಥದ್ದು. ಆ ಮೂತಿಗೆ ಹತ್ತಿರವಿದ್ದ ಅತ್ತಿಗೆಯ ವೈರನ್ನು ಸಿಕ್ಕಿಸಿದ್ದ. ಅವಳ ಬಾಕ್ಸು ಆರಿದರೆ ಡಿಶ್ಶೇ ಕುರುಡು.

“ಇದಕ್ಕೆ ಏನು ಮಾಡ್ಬೇಕಪ್ಪ?”

“ಮೂರು ಕಡೆಯಿಂದಲೂ ಕರೆಂಟು ಓಗೋದು ಸಿಗ್ತದಕ್ಕ. ಒಂದು ಸೀರೆಗೆ ಫಾಲ್ಸ್ ಒಲ್ಸೋವಷ್ಟೂ ಖರ್ಚಾಗಲ್ಲ. ನಾಳೇನೇ ತಂದಾಕ್ಲಾ?”

“ಏಳ್ತೀನಿ ಇರು,” ಎಂದು ಇಟ್ಟೆ.

ಅತ್ತಿಗೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ, ಹೊಸ ಸ್ಪ್ಲಿಟ್ಟರ್ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಬಾಕ್ಸಿನ ದೀಪವನ್ನೇ ನೋಡುತ್ತಾ ಕೇಳಿದಳು.

“ಅಂದ್ರೆ ಈ ಸ್ವಿಚ್ಚು ಇಲ್ದಿದ್ರೆ ಅವರಿಬ್ರ ಮನೇಲೂ ಇಲ್ಲ?”

“ಇಲ್ಲ.”

“ಇಬ್ರನ್ನೂ ಕರಿ ಅಂಗಾದ್ರೆ.”

“ಆ ಹೊಸದರ ಮಾತು ಎತ್ತಲೋ ಬೇಡ್ವೋ?”

“ಕೇಳುದ್ರೆ ಏಳು. ಕೇಳ್ದಿದ್ರೆ ನಿನ್ನ ಬಾಯಿಗೇನು ಬಾಡಿಗೆ ಕೊಟ್ಟವ್ರಾ?”

ಇಷ್ಟು ವರ್ಷ ವ್ಯಾಪಾರ ಮಾಡಿದವಳು ನಾನು. ಆ ಗಳಿಗೆಯಲ್ಲಿ ಅವಳ ಪಕ್ಕದಲ್ಲಿ ನಾನು ಬರೀ ತಕ್ಕಡಿ ಹಿಡಿಯುವವಳು.

ಅಣ್ಣತಮ್ಮಂದಿರು ಜಗಲಿ ಸುತ್ತಿಕೊಂಡು ಬಂದರು. ನಾನು ಸ್ವಿಚ್ಚು ಆರಿಸಿದೆ, ಗೋಡೆಯಾಚೆ ದೊಡ್ಡತ್ತಿಗೆ ಕೂಗಿದಳು. ಹಾಕಿದೆ, ಸುಮ್ಮನಾದಳು. ಕಟ್ಟುವವನು ಹೇಳಿದ್ದನ್ನು ಹೇಳಿದೆ. ಅಣ್ಣ ಬಗ್ಗಿ ಬಾಕ್ಸಿನ ಹಿಂದಿನ ವೈರು ನೋಡಿದ.

“ಅಂದ್ರೆ... ನೀನು ತಾರಸಿ ಅತ್ತಿಲ್ವೇನವ್ವ?”

“ಅತ್ತಿದ್ದೆ ಭಾವ. ರಾಗಿ ಒಣಾಕಕ್ಕೆ.”

ತಮ್ಮ ಕೆಮ್ಮಿದ. ಅಣ್ಣ ಟವೆಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ.

“ಸರಿ. ಇನ್ಮೇಲೆ ಅದ್ನ ಆರಿಸ್ಬೇಡ.”

“ಆರಿಸಲ್ಲ ಬುಡಿ. ಆದ್ರೆ ನಾಳೆ ಅಳಿಯ ನನ್ನ ಕರ್ಕೊಂಡೋದ್ಮೇಲೆ ಬೀಗ ಆಕಿದ ಮನೇಲಿ ಸ್ವಿಚ್ಚು ಯಾರು ಆಕ್ತಾರೆ ಭಾವ?”

“ಬೀಗದ ಕೈ ನಮ್ಮತ್ರ ಕೊಟ್ಟೋಗಿ ಅತ್ತಿಗೆ,” ಎಂದ ತಮ್ಮ. ಚುರುಕಿನವನು, ನನ್ನ ರಕ್ತವೇ ತಾನೆ.

“ಕೊಡ್ತೀನಪ್ಪ. ಜೊತೆಗೆ ಕರೆಂಟ್ ಬಿಲ್ಲೂ ನೀನೇ ಕಟ್ಟು. ಆ ಕೆಂದಸು ಒದೀತದೆ, ಅದ್ನೂ ನೀನೇ ಕರಿ.”

ಆ ಕೆಂದು ಹಸು ತಮ್ಮನನ್ನು ಹಿಂದೊಮ್ಮೆ ಗೊಬ್ಬರದ ಗುಂಡಿಗೆ ಬೀಳಿಸಿತ್ತು. ಅಣ್ಣನಿಗೆ ತಡೆಯಲಾರದೆ ನಗು ಬಂತು. ಅತ್ತಿಗೆ ಮಾತ್ರ ನಗಲಿಲ್ಲ.

“ನಾನು ಮೋಸ ಮಾಡ್ತೀನಿ ಅಂದ್ಕೊಂಡ್ರಿ ಭಾವ. ಒಂದು ಸಲ ಬಾಗ್ಲತ್ರ ಬಂದು, ಯಾಕಿಂಗಾಯ್ತದೆ ಅಂತ ಕೇಳುದ್ರೆ ಆಯ್ತಿರ್ಲಿಲ್ವಾ?”

ಅಣ್ಣ ಜಗಲಿಯ ಕಡೆ ಹೊರಟುಬಿಟ್ಟ. ಕೋಪ ಬಂತೇನೋ ಎಂದು ನಾನು ಹೆದರಿದೆ. ಅವನ ಸ್ವಭಾವ ಹಾಗೆ, ತಪ್ಪನ್ನು ಬಾಯಲ್ಲಿ ಒಪ್ಪಿಕೊಂಡವನಲ್ಲ. ಸ್ವಲ್ಪ ಹೊತ್ತಿಗೆ ಮೂಡಲ ಗೋಡೆಯ ಬಾಗಿಲಿನ ಹಿಂದೆ ಪೆಟ್ಟಿಗೆ ಎಳೆದಾಡಿದ ಸದ್ದು, ಆಮೇಲೆ ಕಬ್ಬಿಣಕ್ಕೆ ಬಡಿದ ಸದ್ದು. ಅವನ ದನಿ ಮರದ ಆಚೆಯಿಂದ ಬಂತು.

“ಆ ಕಡೆ ಅಗುಳಿ ತೆಗಿಯವ್ವ.”

ಅತ್ತಿಗೆ ಕದಲಲಿಲ್ಲ. ನಾನು ಅವಳ ಬೆನ್ನು ಮುಟ್ಟಿದೆ. ಹೋಗಿ ಎಳೆದಳು, ತುಕ್ಕು ಹಿಡಿದ ಅಗುಳಿ ಜಗ್ಗಲಿಲ್ಲ. ತಮ್ಮ ಅಡುಗೆಮನೆಗೆ ಹೋಗಿ ಕೊಬ್ಬರಿ ಎಣ್ಣೆ ತಂದು ಸುರಿದು, ಕಲ್ಲಿನಿಂದ ತಟ್ಟಿ ತೆಗೆದ. ಬಾಗಿಲು ತೆರೆದರೆ, ಎದುರಿಗೇ ಕುರ್ಚಿಯಲ್ಲಿ ಕಾಲು ನೀಡಿಕೊಂಡು ಕೂತ ದೊಡ್ಡತ್ತಿಗೆ.

“ಅಡ್ಡ ನಿಂತ್ಕೋಬೇಡಿ ಕಣ್ರೋ!” ಎಂದಳು ಮೊದಲು. ಆಮೇಲೆ ಅತ್ತಿಗೆಯನ್ನು ನೋಡಿ, ದನಿ ಇಳಿಸಿ, “ಬಾರೇ ಅಮ್ಮಿ, ಕೂತ್ಕೋ. ಸೀರಿಯಲ್ಲಲ್ಲಿ ಆ ಅಳೋಳು ಇವತ್ತು ಸತ್ಯ ಏಳ್ತಾಳೆ,” ಎಂದಳು.

“ಹಾಲು ಆಕ್ಬುಟ್ಟು ಬತ್ತೀನಿ ತಡಿ ಅಕ್ಕ,” ಎಂದು ಅತ್ತಿಗೆ ಕ್ಯಾನು ಎತ್ತಿಕೊಂಡಳು. ಸ್ವಿಚ್ಚು ಆರಿಸದೆ ಹೋದಳು.

ಭಾನುವಾರ ಅಳಿಯ ಬಂದ. ಮುದ್ದೆ, ನಾಟಿಕೋಳಿ ಸಾರು ಉಂಡ. ಅಣ್ಣ ಕೈ ತೊಳೆಯುತ್ತಾ ಹೇಳಿದ: “ಅವಳಿಲ್ದಿದ್ರೆ ನಮ್ಮನೆ ಟೀವಿ ಓಡಲ್ಲ ಕಣಪ್ಪ. ಮಗಳ್ನೇ ನಾಕು ದಿನ ಇಲ್ಲಿಗೆ ಕಳ್ಸು.” ಅಳಿಯ ಎಳನೀರು ತುಂಬಿಕೊಂಡು ಒಬ್ಬನೇ ಹೋದ. ತಮ್ಮ ಕಾಯಿ ತುಂಬಿಡಲು ಹಿತ್ತಿಲಲ್ಲಿ ಶೀಟಿನ ಶೆಡ್ಡು ಹಾಕಿಸಿಕೊಂಡ. ಶೀಟಿನ ಚೌಕಾಸಿಗೆ ನಾನೇ ಹೋಗಿದ್ದೆ.

ಮುಂದಿನ ಬೇಸಿಗೆ ಮಳೆಗೆ ಅತ್ತಿಗೆಯ ಫೋನು ಬಂತು.

“ಗುಡುಗುದ್ರೆ ಪ್ಲಗ್ಗು ಕೀಳಕ್ಕೂ ಅಕ್ಕ ಬುಡಲ್ಲ ಕಣಮ್ಮಿ. ಸಿಡ್ಲು ಒಡೆದ್ರೆ ಮೂರೂ ಓಯ್ತವೆ. ಆ ಹೊಸದು ತಂದಾಕ್ಬುಡು.”

“ಆಮೇಲೆ ನಿನ್ನ ಸ್ವಿಚ್ಚಿನ ಹಂಗು ಯಾರಿಗೂ ಇರಲ್ಲ ಅತ್ತಿಗೆ. ಯೋಚ್ನೆ ಮಾಡಿದ್ಯಾ?”

“ಮಾಡ್ದೆ. ಅಕ್ಕ ಆ ಮಂಡಿ ಇಟ್ಕೊಂಡು ಜಗಲಿ ಸುತ್ತಿ ಬರಕ್ಕಾಗಲ್ಲ. ಒಳಗಿಂದ್ಲೇ ಬತ್ತಾಳೆ, ಹುಣಸೇಹಣ್ಣು ಬಿಡಿಸ್ಕೊಂಡು ಇಲ್ಲೇ ಕೂತಿರ್ತಾಳೆ. ಅವಳ ಸೀರಿಯಲ್ಲೂ ನನ್ನ ಮನೇಲೇ. ಮೈಸೂರ ಮಾತು ಯಾರೂ ಎತ್ತಲ್ಲ. ತಂದಾಕು ನೀನು.”

ತಂದು ಹಾಕಿಸಿದೆ. ಈ ಸಲ ಕಟ್ಟುವವನನ್ನು ಮೊದಲೇ ಕೇಳಿ, ಸ್ಪ್ಲಿಟ್ಟರನ್ನೇ ಬಿಸಾಡಿ, ನಾಲ್ಕು ಮೂತಿಯ ಎಲ್‌ಎನ್‌ಬಿ ಸಿಕ್ಕಿಸಿ, ಮನೆಗೊಂದು ವೈರು ಎಳೆಸಿದೆ. ಈಗ ಯಾರು ಆರಿಸಿದರೂ ಯಾರಿಗೂ ತೊಂದರೆಯಿಲ್ಲ. ಗುಡುಗಿದಾಗ ಅತ್ತಿಗೆ ಪ್ಲಗ್ಗು ಕೀಳುತ್ತಾಳೆ, ಆಮೇಲೆ ಅವಳೂ ದೊಡ್ಡತ್ತಿಗೆಯೂ ಸೇರಿ ಮೂಡಲ ಮನೆಯಲ್ಲೂ ಕಿತ್ತು ಬರುತ್ತಾರೆ.

ನೀವು ಹಾಕಿಸುವುದಾದರೆ ನನ್ನ ಮಾತು ಕೇಳಿ. ಒಂದಕ್ಕಿಂತ ಹೆಚ್ಚು ಟೀವಿ ಇದ್ದರೆ ಮೊದಲೇ ಎರಡು ಮೂತಿಯದೋ ನಾಲ್ಕು ಮೂತಿಯದೋ ಎಲ್‌ಎನ್‌ಬಿ ತೆಗೆದುಕೊಳ್ಳಿ, ಬೆಲೆಯಲ್ಲಿ ಭಾರಿ ಅಂತರವಿಲ್ಲ. ಸ್ಪ್ಲಿಟ್ಟರೇ ಗತಿ ಎಂದಾದರೆ ಎಲ್ಲ ಮೂತಿಯಿಂದಲೂ ಕರೆಂಟು ಹೋಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ, ಮೈಮೇಲಿನ ಗುರುತು ನೋಡಿ. ಆಗ್ನೇಯದ ಕಡೆ ಮರ ಬೆಳೆಯುವಂತಿದ್ದರೆ ಬೆಳೆದ ಮೇಲೆ ಎಷ್ಟೆತ್ತರ ಎಂದು ಈಗಲೇ ಅಂದಾಜು ಮಾಡಿ. ಡಿಶ್ಶಿನ ಕಾಲಿಗೆ ಬೋಲ್ಟು ಬಿಗಿಯಾಗಿರಲಿ, ವೈರು ಕೂಡುವ ಕಡೆ ನೀರು ಇಳಿಯದಂತೆ ಟೇಪು ಸುತ್ತಿಸಿ. ಕಟ್ಟುವವನು ಹೊರಡುವ ಮೊದಲು ಒಂದೊಂದೇ ಮನೆಯ ಬಾಕ್ಸು ಆರಿಸಿ ಉಳಿದ ಮನೆಗಳಲ್ಲಿ ಚಿತ್ರ ಹೋಗುತ್ತದೆಯೇ ನೋಡಿ, ಆಮೇಲೆ ಕೂಲಿ ಕೊಡಿ. ಮುಂದೆ ಎಂದಾದರೂ ಚಿತ್ರ ಹೋದರೆ ಬೇರೆ ಊರಿನಲ್ಲಿರುವ ತಂಗಿಗೆ ಫೋನು ಮಾಡಬೇಡಿ. ಮೊದಲು ಪಕ್ಕದ ಮನೆಗೆ ಹೋಗಿ, ‘ನಿಮ್ಮಲ್ಲಿ ಬರ್ತಾ ಐತಾ?’ ಎಂದು ಕೇಳಿ.